ಹಳೆಯ ಮನೆಯ ಜೀರ್ಣೋದ್ಧಾರ

ಕನ್ನಡ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ದೇವಾಲಯಕ್ಕೆ ಭೂಮಿಯನ್ನು ದತ್ತಿ ಬಿಡುವವರು ಪೂಜೆ ನೈವೇದ್ಯಗಳ ಜೊತೆಯಲ್ಲಿಯೇ, ಗುಡಿ ಮುರಿದರೆ, ಬಿರಿದರೆ, ಸವೆದರೆ ಸರಿಪಡಿಸುವ ವೆಚ್ಚಕ್ಕೂ ಏರ್ಪಾಡು ಮಾಡುತ್ತಿದ್ದರು. ಈ ಮಾತನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದ್ದೇನೆ. ಪರೀಕ್ಷೆಯಲ್ಲಿ ಪ್ರಶ್ನೆಯಾಗಿಯೂ ಕೇಳಿದ್ದೇನೆ. ಆದರೆ ಅದರ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಒಂದು ಮಳೆಗಾಲದ ರಾತ್ರಿ, ಗಿರಿನಗರದ ನಮ್ಮ ಮನೆಯ ಬಚ್ಚಲಿನ ಚಾವಣಿಯಿಂದ ಅಂಗೈಯಗಲದ ಕಾಂಕ್ರೀಟಿನ ಚಕ್ಕೆಯೊಂದು ಕಳಚಿ ಬಿದ್ದಾಗ. ಐದು ನಿಮಿಷ ಮುಂಚೆಯಷ್ಟೇ ನನ್ನ ಪತ್ನಿ ಅಲ್ಲಿಂದ ಹೊರಗೆ ಬಂದಿದ್ದಳು.

ಆ ಮನೆಯನ್ನು ನಮ್ಮ ತಂದೆಯವರು 1978ರಲ್ಲಿ ಕಟ್ಟಿಸಿದರು. ಮೂವತ್ತು ನಲವತ್ತರ ನಿವೇಶನ, ಸೈಜುಗಲ್ಲಿನ ತಳಪಾಯ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಕೆಂಪು ಗಾರೆಯ ನೆಲ. ಚಕ್ಕೆ ಬಿದ್ದ ಮಾರನೆಯ ದಿನವೇ ಸಲಹೆಗಳು ಬಂದವು. ಪುಣೆಯಲ್ಲಿರುವ ಮಗ ಫೋನಿನಲ್ಲಿ, “ಅಪ್ಪಾ, ಪೂರ್ತಿ ಕೆಡವಿ ಹೊಸದಾಗಿ ಕಟ್ಟಿಸಿಬಿಡೋಣ” ಎಂದ. ಎದುರು ಮನೆಯವರು, ಕೆಳಗೆ ಕಾರು ನಿಲ್ಲಿಸಲು ಜಾಗ ಬಿಟ್ಟು ಮೇಲೆ ಮೂರು ಅಂತಸ್ತು ಏರಿಸಿದರೆ ಬಾಡಿಗೆ ಬರುತ್ತದೆಯೆಂದರು. ಮೇಸ್ತ್ರಿ ಬಂದು, “ಏನೂ ಆಗಿಲ್ಲ ಸಾರ್, ಸಿಮೆಂಟು ಬಳಿದು ಬಣ್ಣ ಹೊಡೆದರೆ ಹೋಯ್ತು” ಎಂದ. ಮೂವರ ಮಾತೂ ಹಿತವಚನವೇ. ಆದರೆ ಮೂವರಲ್ಲಿ ಒಬ್ಬರೂ ಮನೆಯನ್ನು ಪರೀಕ್ಷಿಸಿ ನೋಡಿರಲಿಲ್ಲ.

ಇಡೀ ಮನೆಯನ್ನು ನವೀಕರಿಸಬೇಕೆ ಬೇಡವೆ ಎಂಬ ಪ್ರಶ್ನೆಗೆ ನೇರವಾಗಿ ಉತ್ತರ ಹುಡುಕಹೊರಟರೆ ದಾರಿ ತಪ್ಪುತ್ತದೆ. ಮನೆಯ ಒಂದೊಂದು ಅಂಗವನ್ನೂ ಬೇರೆಬೇರೆಯಾಗಿ ನೋಡಿ, ಇದು ಖಂಡವೋ, ಸ್ಫುಟಿತವೋ, ಜೀರ್ಣವೋ ಎಂದು ಕೇಳಿಕೊಳ್ಳಬೇಕು. ಶಾಸನದ ಆ ಮೂರು ಪದಗಳು ಮೂರು ಬಗೆಯ ದೋಷಗಳು. ಮೂರಕ್ಕೂ ಚಿಕಿತ್ಸೆ ಬೇರೆ.

ಖಂಡವೆಂದರೆ ಮುರಿದದ್ದು. ಒಡೆದ ಹಂಚು, ಕೀಲು ಕಿತ್ತ ಬಾಗಿಲು, ಸೋರುವ ನಲ್ಲಿ. ಇವು ಕಣ್ಣಿಗೆ ಮೊದಲು ಬೀಳುವುದರಿಂದ ಮನೆಯೆಲ್ಲ ಹಾಳಾಯಿತೆಂಬ ಭ್ರಮೆ ಹುಟ್ಟಿಸುತ್ತವೆ. ವಾಸ್ತವವಾಗಿ ಇವೇ ಅತ್ಯಂತ ಅಗ್ಗದ ದೋಷಗಳು. ಮುರಿದದ್ದನ್ನಷ್ಟೇ ಬದಲಾಯಿಸಿದರೆ ಮುಗಿಯಿತು.

ಸ್ಫುಟಿತವೆಂದರೆ ಬಿರಿದದ್ದು. ಬಿರುಕುಗಳಲ್ಲಿ ಎರಡು ಜಾತಿ. ಗೋಡೆಯ ಗಾರೆ ಒಣಗುವಾಗ ಮೂಡುವ ಕೂದಲೆಳೆಯಂಥ ಗೆರೆಗಳಿಂದ ಅಪಾಯವಿಲ್ಲ. ಇಟ್ಟಿಗೆಯೂ ಕಾಂಕ್ರೀಟೂ ಕೂಡುವ ಕಡೆ, ಬಿಸಿಲಿಗೆ ಒಂದೊಂದು ಒಂದೊಂದು ಪ್ರಮಾಣದಲ್ಲಿ ಹಿಗ್ಗುವುದರಿಂದ ಬೀಳುವ ಅಡ್ಡಗೆರೆಯೂ ಬಹುಮಟ್ಟಿಗೆ ಅಂಥದೇ. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿ, ನಾಣ್ಯದ ಅಂಚು ಹಿಡಿಸುವಷ್ಟು ಬಾಯಿಬಿಟ್ಟ ಬಿರುಕು ತಳಪಾಯ ಕುಸಿದಿರುವುದರ ಸೂಚನೆಯಾಗಿರಬಹುದು. ಬಿರುಕು ಹಳೆಯದೋ ಬೆಳೆಯುತ್ತಿರುವುದೋ ತಿಳಿಯಲು ಅದರ ಎರಡು ತುದಿಗಳಲ್ಲಿ ಸೀಸದ ಕಡ್ಡಿಯಿಂದ ಗುರುತು ಹಾಕಿ ತಾರೀಖು ಬರೆಯಬೇಕು. ಒಂದು ಬೇಸಗೆ, ಒಂದು ಮಳೆಗಾಲ ಕಳೆದ ಮೇಲೂ ಗುರುತನ್ನು ದಾಟದಿದ್ದರೆ ಹೆಚ್ಚು ಚಿಂತಿಸಬೇಕಾಗಿಲ್ಲ. ದಾಟಿದರೆ ಇಂಜಿನಿಯರರನ್ನು ಕರೆಯಬೇಕು.

ಮೂರನೆಯದು ಜೀರ್ಣ, ಅಂದರೆ ಒಳಗೊಳಗೇ ಸವೆದದ್ದು. ಇದು ಕಣ್ಣಿಗೆ ಕಾಣುವುದಿಲ್ಲ. ಪ್ರಾಣಾಪಾಯ ಒಡ್ಡುವುದೂ ಇದೇ. ಕಾಂಕ್ರೀಟಿನಲ್ಲಿರುವ ಕ್ಷಾರಗುಣವು ಒಳಗಿನ ಕಬ್ಬಿಣದ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ವರ್ಷಗಳು ಕಳೆದಂತೆ ಕಾಂಕ್ರೀಟಿನೊಳಕ್ಕೆ ಇಳಿದು ಆ ಗುಣವನ್ನು ಕುಂದಿಸುತ್ತದೆ. ಅದರ ಮೇಲೆ ತೇವವೂ ಸೇರಿತೆಂದರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಾಲು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒದೆದು ಬೀಳಿಸುತ್ತದೆ. ನಮ್ಮ ಬಚ್ಚಲಿನಲ್ಲಿ ನಡೆದದ್ದು ಇದು. ಅದರ ಮೇಲೆ ಸಿಮೆಂಟು ಬಳಿದು ಬಣ್ಣ ಹೊಡೆಯುವುದು ಹುಣ್ಣಿನ ಮೇಲೆ ಗಂಧ ಲೇಪಿಸಿದಂತೆ.

ಆ ಕಾಲದ ಕಬ್ಬಿಣದ ನೀರಿನ ಕೊಳವೆಗಳೂ ಹೀಗೆಯೇ ಒಳಗೆ ತುಕ್ಕು ಕಟ್ಟಿ ಕಿರಿದಾಗಿರುತ್ತವೆ. ವಿದ್ಯುತ್ ತಂತಿಗಳ ಕಥೆಯೂ ಬೇರೆಯಲ್ಲ. ತಂದೆಯವರ ಕಾಲದಲ್ಲಿ ಮನೆಗೆ ಬೇಕಾಗಿದ್ದುದು ಕೆಲವು ದೀಪ, ಎರಡು ಫ್ಯಾನು, ಒಂದು ರೇಡಿಯೊ. ಇಂದು ಎರಡು ಸಾವಿರ ವಾಟ್ಸಿನ ಗೀಸರೊಂದೇ, ನಲವತ್ತು ವಾಟ್ಸಿನ ಐವತ್ತು ಬಲ್ಬುಗಳನ್ನು ಏಕಕಾಲಕ್ಕೆ ಉರಿಸಿದಷ್ಟು ಭಾರವನ್ನು ಆ ತಂತಿಗಳ ಮೇಲೆ ಹೇರುತ್ತದೆ.

ಹಾಗಾದರೆ ಇಡೀ ಮನೆಗೆ ಕೈಹಾಕುವುದು ಯಾವಾಗ ಯುಕ್ತ? ಜೀರ್ಣವಾದ ಅಂಗಗಳು ಒಂದರೊಳಗೊಂದು ಹೆಣೆದುಕೊಂಡಿದ್ದಾಗ. ಕೊಳವೆಗಾಗಿ ಈ ವರ್ಷ, ತಂತಿಗಾಗಿ ಮುಂದಿನ ವರ್ಷ, ಬಚ್ಚಲಿನ ನೆಲಕ್ಕಾಗಿ ಅದರಾಚೆಯ ವರ್ಷ ಅದೇ ಗೋಡೆಯನ್ನು ಒಡೆಸಿದರೆ ಮೂರು ಸಲ ಕೂಲಿ, ಮೂರು ಸಲ ಧೂಳು. ಒಮ್ಮೆಗೇ ಮಾಡುವುದು ಅಲ್ಲಿ ವಿವೇಕ. ಮೊದಲು ಸೋರುವಿಕೆಯನ್ನು ನಿಲ್ಲಿಸಬೇಕು, ಬಳಿಕ ಕೊಳವೆ, ತಂತಿ, ಆಮೇಲೆ ಗಾರೆ, ನೆಲ, ಕೊನೆಗೆ ಬಣ್ಣ. ಈ ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಮತ್ತೆ ಒಡೆಯಬೇಕಾಗುತ್ತದೆ. ಕೈಯಲ್ಲಿರುವ ಹಣದ ಐದನೆಯ ಒಂದು ಪಾಲನ್ನಾದರೂ ಮುಟ್ಟದೆ ಇಟ್ಟುಕೊಳ್ಳಬೇಕು. ಗೋಡೆ ಒಡೆದ ಮೇಲೆ ಕಾಣುವ ದೋಷ ಯಾವ ಅಂದಾಜುಪಟ್ಟಿಯಲ್ಲಿಯೂ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ. ನಮ್ಮಂಥ ಹಳೆಯ ಮನೆಗಳಲ್ಲಿ ಚಾವಣಿಯ ಭಾರವನ್ನು ಹೊರುವುದು ಕಂಬಗಳಲ್ಲ, ಗೋಡೆಗಳು. ಹಜಾರ ವಿಶಾಲವಾಗಲೆಂದು ನಡುಗೋಡೆ ಕೆಡವುವುದು, ತಳಪಾಯ ಪರೀಕ್ಷಿಸದೆ ಅಂತಸ್ತು ಏರಿಸುವುದು ಸಾಹಸವಲ್ಲ, ಅವಿವೇಕ. ಪೂರ್ತಿ ಕೆಡವಿ ಕಟ್ಟುವವರೂ, ಸುತ್ತ ಜಾಗ ಬಿಡುವ ವಿಷಯದಲ್ಲಿ ಇಂದಿನ ನಿಯಮಗಳಿಗೆ ಒಳಪಡಬೇಕಾಗುತ್ತದೆಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರು ಕಟ್ಟಿಸಿದ ಮನೆಯ ಉದಾಹರಣೆ ನಮ್ಮೆದುರಿಗಿದೆ. 2011ರಲ್ಲಿ ಅದನ್ನು ಕೆಡವತೊಡಗಿದಾಗ ಸಾರ್ವಜನಿಕರ ವಿರೋಧದಿಂದ ಕೆಲಸ ನಿಂತಿತು. ಮುಂದೆ ನಗರಪಾಲಿಕೆ ಅದನ್ನು ವಹಿಸಿಕೊಂಡು ಜೀರ್ಣೋದ್ಧಾರ ಮಾಡಿಸಿತು. 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಕೆಡವಲು ಹೊರಟ ಮನೆಯೂ ಉಳಿಯಬಲ್ಲುದೆಂಬುದಕ್ಕೆ ಅದು ಸಾಕ್ಷಿ. ಈ ಪ್ರಸಂಗವನ್ನು ನಾನು ಮನೆಯಲ್ಲಿ ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ. ಅಷ್ಟು ದಿನ ಸುಮ್ಮನಿದ್ದ ನನ್ನ ಪತ್ನಿ ಕೇಳಿದಳು: “ರೀ, ಅಲ್ಲಿ ಈಗ ಯಾರೂ ಸ್ನಾನ ಮಾಡೋದಿಲ್ಲ. ನಾವು ಇಲ್ಲಿ ಇನ್ನೂ ಬದುಕಬೇಕಲ್ಲ?” ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೆಂಪು ನೆಲದ ಮೇಲಿನ ನನ್ನ ಮೋಹಕ್ಕಿಂತ ಅವಳ ಮೊಣಕಾಲು ನೋವು ದೊಡ್ಡ ಪ್ರಮಾಣವೆಂದು ಒಪ್ಪಿಕೊಂಡೆ.

ಪರಿಚಯದ ಇಂಜಿನಿಯರೊಬ್ಬರು ಬಂದು ಸಣ್ಣ ಸುತ್ತಿಗೆಯಿಂದ ಚಾವಣಿಯನ್ನೆಲ್ಲ ತಟ್ಟಿ ನೋಡಿದರು. ಹಜಾರದಲ್ಲಿ ಗಟ್ಟಿಯಾದ ನಾದ. ಬಚ್ಚಲಿನಲ್ಲಿಯೂ ಪಕ್ಕದ ಕೋಣೆಯಲ್ಲಿಯೂ ಟೊಳ್ಳು. ತಾರಸಿಗೆ ಹೋಗಿ ಬಂದವರು, “ನೀರಿಳಿಯುವ ಕೊಳವೆಯ ಬಾಯಿಯನ್ನು ಕೊನೆಯ ಸಲ ಶುಚಿ ಮಾಡಿಸಿದ್ದು ಯಾವಾಗ ಸರ್?” ಎಂದು ಕೇಳಿದರು. ಬಾಯಿ ಕಟ್ಟಿ, ನೀರು ಆ ಮೂಲೆಯಲ್ಲಿಯೇ ನಿಲ್ಲುತ್ತಿತ್ತು.

ನನಗೆ ತಂದೆಯವರ ಲೆಕ್ಕದ ಪುಸ್ತಕ ನೆನಪಾಯಿತು. ತೆಗೆದು ನೋಡಿದೆ. ಪ್ರತಿ ವರ್ಷವೂ ಮೇ ತಿಂಗಳಲ್ಲಿ ಒಂದು ಸಾಲು: ತಾರಸಿ ಶುಚಿ, ಬಿರುಕಿಗೆ ಸಿಮೆಂಟು, ಕೂಲಿ ಇಷ್ಟು. ಕೊನೆಯ ಸಾಲು 2008ರದು. ಮಾರನೆಯ ವರ್ಷ ಅವರು ತೀರಿಕೊಂಡರು. ಆಮೇಲಿನ ಪುಟಗಳು ಖಾಲಿ. ಶಾಸನದ ಆ ಮಾತನ್ನು ವರ್ಷ ವರ್ಷವೂ ವಿದ್ಯಾರ್ಥಿಗಳಿಗೆ ಅರ್ಥೈಸಿದ ನಾನು, ಅದರಂತೆ ನಡೆದ ತಂದೆಯವರನ್ನು ಗಮನಿಸಿರಲಿಲ್ಲ. ಮನೆಯನ್ನು ಜೀರ್ಣಗೊಳಿಸಿದ್ದು ಬರಿಯ ವಯಸ್ಸಲ್ಲ.

ನಾವು ಮನೆಯನ್ನು ಕೆಡವಲಿಲ್ಲ. ಬಣ್ಣ ಬಳಿದು ಸುಮ್ಮನಾಗಲೂ ಇಲ್ಲ. ನಾಲ್ಕು ತಿಂಗಳು ಹೊಸಕೆರೆಹಳ್ಳಿಯಲ್ಲಿ ಬಾಡಿಗೆಗಿದ್ದು, ಕೆಟ್ಟ ಚಾವಣಿಯ ಭಾಗವನ್ನು ತೆಗೆಸಿ ಹೊಸದಾಗಿ ಹಾಕಿಸಿದೆವು. ಕೊಳವೆ ತಂತಿಗಳನ್ನೆಲ್ಲ ಬದಲಾಯಿಸಿದೆವು. ಬಚ್ಚಲಿನ ಹೊಸ್ತಿಲು ಹೋಗಿ ಗೋಡೆಗೆ ಹಿಡಿಕೆ ಬಂತು. ತಾರಸಿಯ ಮಳೆನೀರು ಈಗ ಸಂಪಿಗೆ ಇಳಿಯುತ್ತದೆ. ಹಜಾರದ ಕೆಂಪು ನೆಲ ಮಾತ್ರ ಹಾಗೆಯೇ ಇದೆ. ಅದು ಖಂಡವೂ ಅಲ್ಲ, ಸ್ಫುಟಿತವೂ ಅಲ್ಲ, ಜೀರ್ಣವೂ ಅಲ್ಲ.

ಹಳೆಯ ಮನೆಯಿರುವವರು ಮುಂಗಾರಿಗೆ ಮೊದಲು ಒಮ್ಮೆ ತಾರಸಿಗೆ ಹತ್ತಿ ನೋಡಬೇಕೆಂದು ನನ್ನ ವಿನಂತಿ. ಕಳೆದ ಮೇ ತಿಂಗಳಲ್ಲಿ ನಾನೂ ಹತ್ತಿದೆ. ಇಳಿದು ಬಂದು, ತಂದೆಯವರ ಪುಸ್ತಕದಲ್ಲಿ ಅವರ ಕೊನೆಯ ಸಾಲಿನ ಕೆಳಗೆ ತಾರೀಖು ಹಾಕಿ ಬರೆದೆ: ತಾರಸಿ ಶುಚಿ, ಕೂಲಿ ಆರು ನೂರು ರೂಪಾಯಿ.