ಸ್ಟೆಪ್ನಿ ಇಲ್ಲದ ಕಾರು, ಮೊಳೆ ಬಿದ್ದಿರುವ ರಸ್ತೆ

ಪೋರ್ಷೆ 911 ಕರೇರಾ ಕಾರಿನ ಡಿಕ್ಕಿ ಇರುವುದು ಮುಂಭಾಗದಲ್ಲಿ. ಅದನ್ನು ತೆರೆದರೆ ಸ್ಟೆಪ್ನಿ ಕಾಣಿಸುವುದಿಲ್ಲ. ಒಂದು ಸೀಲಂಟ್ ಬಾಟಲಿ, ಒಂದು ಪುಟ್ಟ ಗಾಳಿ ಪಂಪು ಇರುತ್ತವೆ, ಅಷ್ಟೆ. ಇದು ಕಂಪನಿಯ ಜಿಪುಣತನವಲ್ಲ. ಈಗಿನ ಕರೇರಾದ ಮುಂದಿನ ಟೈರು 235 ಮಿ.ಮೀ. ಅಗಲ, ಹಿಂದಿನದು 295. ರಿಮ್ಮುಗಳೂ ಬೇರೆ: ಮುಂದೆ 19 ಇಂಚು, ಹಿಂದೆ 20. ಒಂದು ಸ್ಟೆಪ್ನಿ ಇಟ್ಟರೂ ಅದು ನಾಲ್ಕರಲ್ಲಿ ಎರಡು ಚಕ್ರಗಳಿಗಷ್ಟೇ ಹೊಂದೀತು. ಅದರ ತೂಕ, ಅದು ತಿನ್ನುವ ಜಾಗ ಎರಡೂ ಸ್ಪೋರ್ಟ್ಸ್ ಕಾರಿಗೆ ದುಬಾರಿ. ನಮ್ಮ ಕೇಂದ್ರ ಸಾರಿಗೆ ಸಚಿವಾಲಯ ಕೂಡ 2020ರಲ್ಲಿ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಪಂಕ್ಚರ್ ದುರಸ್ತಿ ಕಿಟ್ ಮತ್ತು ಟೈರಿನ ಒತ್ತಡ ಅಳೆಯುವ ವ್ಯವಸ್ಥೆ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಕಡ್ಡಾಯವಲ್ಲ ಎಂದಿದೆ.

ನಿಯಮವೇನೋ ಸರಿ. ಆದರೆ ಇಂಥ ಕಾರು ಬೆಂಗಳೂರಿನ ಬಾಣಸವಾಡಿಯಲ್ಲೋ ಕಲ್ಯಾಣನಗರದಲ್ಲೋ ಇದ್ದರೆ ಅದು ಓಡಾಡಬೇಕಾದದ್ದು ಹೊರ ವರ್ತುಲ ರಸ್ತೆಯಲ್ಲಿ. ಆ ರಸ್ತೆಯ ಮೊಳೆಗಳ ಕಥೆ ಊರಿಗೆಲ್ಲ ಗೊತ್ತು. ಸುಮಾರು ಒಂದು ದಶಕದ ಹಿಂದೆ, ಬೆಳ್ಳಂದೂರಿನ ಕಡೆ ಕೆಲಸಕ್ಕೆ ಹೋಗುತ್ತಿದ್ದ ಎಂಜಿನಿಯರೊಬ್ಬರು ಅಯಸ್ಕಾಂತದ ಕೋಲು ಹಿಡಿದು ದಾರಿಯುದ್ದಕ್ಕೂ ಮೊಳೆ ಆರಿಸಿ, ಕಿಲೋಗಟ್ಟಲೆ ಗುಡ್ಡೆ ಹಾಕಿ ತೋರಿಸಿದ್ದರು. ಯಾರೂ ಹೇಳದೆ ಅವರು ಮಾಡಿದ ಆ ಕೆಲಸ ಯಾವ ಟೈರು ಕಂಪನಿಯ ಸಂಶೋಧನೆಗೂ ಕಡಿಮೆಯದಲ್ಲ.

ಮೊಳೆ ಚುಚ್ಚಿದಾಗ ಟೈರಿನೊಳಗೆ ಆಗುವುದೇನು? ಕಾರಿನ ಭಾರ ಹೊರುವುದು ಮುಖ್ಯವಾಗಿ ರಬ್ಬರಲ್ಲ, ಒಳಗಿನ ಗಾಳಿ. 1,500 ಕಿಲೋ ತೂಕದ ಕಾರಿನಲ್ಲಿ ಒಂದೊಂದು ಚಕ್ರದ ಮೇಲೆ ಸರಾಸರಿ 375 ಕಿಲೋ ಬೀಳುತ್ತದೆ. 33 ಪಿಎಸ್‌ಐ ಗಾಳಿ ತುಂಬಿದ್ದರೆ, ನೆಲಕ್ಕೆ ತಾಗಿದ ಸುಮಾರು 160 ಚದರ ಸೆಂಟಿಮೀಟರ್ ಜಾಗದಲ್ಲಿ ಆ ಭಾರ ಸರಿದೂಗುತ್ತದೆ. ಗಾಳಿ ಇಳಿದರೆ ಟೈರಿನ ಪಕ್ಕೆ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ, ಚಕ್ರದ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಆಗುತ್ತದೆ. ಹಾಗೆ ಮಡಚುವ ರಬ್ಬರು ಬಿಸಿಯಾಗುತ್ತದೆ, ಬಿಸಿಯಾದ ರಬ್ಬರು ಸಡಿಲವಾಗಿ ಕಿತ್ತು ಬರುತ್ತದೆ. ಕೆಲವೇ ಕಿಲೋಮೀಟರಿನಲ್ಲಿ ಟೈರು ಚಿಂದಿ.

ರನ್-ಫ್ಲಾಟ್ ಟೈರು ಈ ಪಕ್ಕೆಯನ್ನೇ ಬಲಪಡಿಸುತ್ತದೆ. ಒಳಬದಿಯಲ್ಲಿ ಗಟ್ಟಿಯಾದ, ಬಿಸಿ ತಡೆಯುವ ರಬ್ಬರಿನ ದಪ್ಪ ಪದರ ಕೂರಿಸಿರುತ್ತಾರೆ. ಗಾಳಿ ಪೂರ್ತಿ ಹೋದರೂ ಆ ಗೋಡೆ ಕುಸಿಯದೆ ಭಾರ ಹೊರುತ್ತದೆ. ಆದರೂ ಬಿಸಿಯಿಂದ ಬಿಡುಗಡೆಯಿಲ್ಲ. ಬ್ರಿಜ್‌ಸ್ಟೋನ್ ಕಂಪನಿ ತನ್ನ ಮೂರನೇ ಪೀಳಿಗೆಯ ರನ್-ಫ್ಲಾಟ್‌ಗಳ ಪಕ್ಕೆಯ ಹೊರಮೈಯಲ್ಲಿ ಸಣ್ಣ ಏಣುಗಳನ್ನು ಮೂಡಿಸಿದ್ದು ಗಾಳಿಯ ಸುಳಿಯೆಬ್ಬಿಸಿ ಟೈರನ್ನು ತಂಪಾಗಿಡಲೆಂದೇ. ಬಿಸಿಯ ಲೆಕ್ಕದಿಂದಲೇ ಮಿತಿಯೂ ಬಂದಿದೆ: ಗಾಳಿಯಿಲ್ಲದೆ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ 80 ಕಿ.ಮೀ. ದೂರ.

ಕಲ್ಪನೆ ಹೊಸದಲ್ಲ. ಬ್ರಿಟನ್ನಿನ ಡನ್‌ಲಪ್ ಕಂಪನಿ 1970ರ ದಶಕದಲ್ಲೇ ‘ಡೆನೊವೊ’ ಟೈರನ್ನು ಪುಟ್ಟ ಮಿನಿ ಕಾರಿಗೂ ತೊಡಿಸಿತ್ತು. 1986ರ ಪೋರ್ಷೆ 959ರಲ್ಲಿ ಗಾಳಿ ಇಳಿದರೂ ಟೈರು ರಿಮ್ಮಿನಿಂದ ಕಳಚದಂಥ ಏರ್ಪಾಡಿತ್ತು, ಒತ್ತಡ ಅಳೆಯುವ ಸಂವೇದಕವೂ ಇತ್ತು. 1997ರ ಷೆವರ್ಲೆ ಕಾರ್ವೆಟ್ ಸ್ಟೆಪ್ನಿಯನ್ನು ಕೈಬಿಟ್ಟು, ರನ್-ಫ್ಲಾಟ್ ನಂಬಿಕೊಂಡೇ ಕಾರ್ಖಾನೆಯಿಂದ ಹೊರಬಂತು.

ನಮ್ಮೂರಿಗೆ ಇದು ಹೊಂದುತ್ತದೆಯೇ? ದೂರದ ಲೆಕ್ಕ ನೋಡಿದರೆ ಹೊಂದುತ್ತದೆ. ಕೆ.ಆರ್. ಪುರ ದಾಟಿ, ಹೊಸಕೋಟೆ ಮೂಲಕ ಕೋಲಾರಕ್ಕೆ ಹೋದವರ ಟೈರು ಅಲ್ಲಿ ಮೊಳೆ ಕಂಡರೆ, ಹೆದ್ದಾರಿಯ ಅಂಚಿನಲ್ಲಿ ಕತ್ತಲಲ್ಲಿ ನಿಲ್ಲದೆ ನಿಧಾನವಾಗಿ ಮನೆಯವರೆಗೆ ಬರಬಹುದು. ಈ ಲಾಭ ಸಣ್ಣದಲ್ಲ. ಹೆದ್ದಾರಿ ಅಂಚಿನಲ್ಲಿ ಚಕ್ರ ಬದಲಿಸುವವರಿಗೆ ಹಿಂದಿನಿಂದ ಬರುವ ಲಾರಿ ಎಷ್ಟು ಅಪಾಯಕಾರಿ ಎಂದು ವಿವರಿಸಬೇಕಾಗಿಲ್ಲ.

ತೊಡಕಿರುವುದು ಮೊಳೆಯಲ್ಲಲ್ಲ, ಗುಂಡಿಯಲ್ಲಿ. ಮಾರುತಿ ಸ್ವಿಫ್ಟ್‌ನ 165/80 ಆರ್14 ಟೈರಿನ ಪಕ್ಕೆ 132 ಮಿ.ಮೀ. ಎತ್ತರ. ಸ್ಪೋರ್ಟ್ಸ್ ಕಾರುಗಳಲ್ಲಿ ಕಾಣುವ 245/35 ಟೈರಿನದು 86 ಮಿ.ಮೀ. ಕೂಡ ಇಲ್ಲ. ಗುಂಡಿಯ ಏಟನ್ನು ನುಂಗಬೇಕಾದದ್ದು ಇಷ್ಟು ಕಿರಿದಾದ ಪಕ್ಕೆ. ರನ್-ಫ್ಲಾಟ್ ಅದನ್ನೂ ಬಿಗಿ ಮಾಡುವುದರಿಂದ ಏಟು ನೇರ ರಿಮ್ಮಿಗೆ, ಸಸ್ಪೆನ್ಷನ್ನಿಗೆ, ಕೂತವರ ಬೆನ್ನಿಗೆ ದಾಟುತ್ತದೆ. ಟೈರಿನ ತೂಕವೂ ಹೆಚ್ಚು. ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚಿದಷ್ಟೂ ಚಕ್ರ ರಸ್ತೆಯ ಏರಿಳಿತ ಹಿಂಬಾಲಿಸಲು ತಡವರಿಸುತ್ತದೆ. ತನ್ನ ಸಾಮಾನ್ಯ ಮಾದರಿಗಳಿಗೆ ವರ್ಷಗಟ್ಟಲೆ ರನ್-ಫ್ಲಾಟ್ ತೊಡಿಸಿದ ಬಿಎಂಡಬ್ಲ್ಯು ಕಂಪನಿಯೇ ಎಂ3, ಎಂ5ಗಳಂಥ ವೇಗದ ಕಾರುಗಳಿಗೆ ಮಾತ್ರ ಸಾಮಾನ್ಯ ಟೈರು ಕೊಟ್ಟಿತು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನೊಂದು ದಾರಿ ತಾನೇ ಮುಚ್ಚಿಕೊಳ್ಳುವ ಟೈರು. ಇದರ ನೆಲ ತಾಗುವ ಭಾಗದ ಒಳಮೈಗೆ ಹಲಸಿನ ಮೇಣದಂತೆ ಅಂಟುವ ಪದರ ಬಳಿದಿರುತ್ತಾರೆ. ಮೊಳೆ ಒಳಹೊಕ್ಕರೆ ಅದರ ಸುತ್ತ ಅಂಟಿಕೊಳ್ಳುತ್ತದೆ, ಮೊಳೆ ಕಳಚಿದರೆ ತೂತಿನೊಳಗೆ ನುಗ್ಗಿ ಮುಚ್ಚುತ್ತದೆ. ಕಾಂಟಿನೆಂಟಲ್‌ನ ಕಾಂಟಿಸೀಲ್ 5 ಮಿ.ಮೀ.ವರೆಗಿನ ತೂತು ಮುಚ್ಚುತ್ತದೆ. ನಮ್ಮ ಜೆಕೆ ಟೈರ್ ಸಹ ಇಂಥದ್ದನ್ನು ಕಾರುಗಳಿಗೆ ತಂದಿದೆ. ಪಕ್ಕೆ ಮೃದುವಾಗಿಯೇ ಉಳಿಯುತ್ತದೆ, ಓಟದ ಹದ ಕೆಡುವುದಿಲ್ಲ. ಆದರೆ ಗುಂಡಿಯ ಅಂಚಿಗೆ ಸಿಕ್ಕಿ ಪಕ್ಕೆ ಸೀಳಿದರೆ ಈ ಅಂಟು ಏನೂ ಮಾಡಲಾರದು. ಗಾಳಿಯೇ ಬೇಡದ ಟೈರನ್ನು ಮಿಶೆಲಿನ್ 2019ರಲ್ಲಿ ಜನರಲ್ ಮೋಟರ್ಸ್ ಜೊತೆಗೂಡಿ ‘ಅಪ್ಟಿಸ್’ ಹೆಸರಿನಲ್ಲಿ ತೋರಿಸಿತು. ಹೆಚ್ಚು ವೇಗದಲ್ಲಿ ಏಳುವ ಬಿಸಿ ಮತ್ತು ಕಂಪನ ಇಂಥ ಟೈರುಗಳಿಗೆ ದೊಡ್ಡ ಸವಾಲು. ಸ್ಪೋರ್ಟ್ಸ್ ಕಾರಿಗೆ ಸದ್ಯಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯ, ಗಾಳಿ ಇಳಿಯುತ್ತಿದೆ ಎಂದು ಮೊದಲೇ ತಿಳಿಯುವುದು. ಗಟ್ಟಿ ಪಕ್ಕೆಯ ರನ್-ಫ್ಲಾಟ್‌ನಲ್ಲಿ ಗಾಳಿ ಹೋದದ್ದು ಸ್ಟೀರಿಂಗ್ ಹಿಡಿದವರಿಗೆ ಗೊತ್ತೇ ಆಗದಿರಬಹುದು. ಹೀಗಾಗಿ ಒತ್ತಡ ಅಳೆಯುವ ಸಂವೇದಕ ಇಲ್ಲದ ಕಾರಿಗೆ ರನ್-ಫ್ಲಾಟ್ ಹಾಕಿಸಬಾರದು. ಗಾಳಿಯಿಲ್ಲದೆ ಓಡಿದ ರನ್-ಫ್ಲಾಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಜಜ್ಜಿರುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಬಿಡಿಭಾಗ ಹುಡುಕುವುದು ಒಳ್ಳೆಯ ಅಭ್ಯಾಸವೇ, ಬಳಸಿದ ರನ್-ಫ್ಲಾಟ್ ಮಾತ್ರ ಎಲ್ಲಿ ಸಿಕ್ಕರೂ ಬೇಡ.

ಬೆಂಗಳೂರಿನ ಪೂರ್ವ ಭಾಗದಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ನಾನು ಹೇಳುವುದಿಷ್ಟು: ನಿಮ್ಮ ಅಳತೆಯಲ್ಲಿ ತಾನೇ ಮುಚ್ಚಿಕೊಳ್ಳುವ ಟೈರು ಸಿಕ್ಕರೆ ಅದನ್ನೇ ಹಾಕಿಸಿ. ರಾತ್ರಿ ಹೆದ್ದಾರಿಯ ಪಯಣವೇ ಹೆಚ್ಚಾದರೆ ರನ್-ಫ್ಲಾಟ್ ಆರಿಸಿಕೊಳ್ಳಿ. ಯಾವುದಿದ್ದರೂ, ಡಿಕ್ಕಿಯಲ್ಲಿ ಸೀಲಂಟ್ ಬಾಟಲಿಯಿದ್ದರೆ ಅದರ ಮೇಲೆ ಮುದ್ರಿಸಿದ ಅವಧಿಯನ್ನು ಇವತ್ತೇ ನೋಡಿ. ಕೆಲವು ವರ್ಷಗಳಲ್ಲಿ ಆ ದ್ರವ ಕೆಲಸಕ್ಕೆ ಬಾರದಂತಾಗುತ್ತದೆ.