ಮೊದಲು ಮೇಲಿನ ಪ್ಲಗ್!

ಸಾತನೂರಿನ ಗೆಳೆಯನ ಮನೆ ಅಂಗಳ. ಹಳೇ ಫೋರ್‌ ವೀಲ್ ಜೀಪಿನ ಟ್ರಾನ್ಸ್‌ಫರ್ ಕೇಸ್ ಆಯಿಲ್ ಬದಲಿಸಲು ನಾವು ಗಾಡಿ ಕೆಳಗೆ ನುಸುಳಿದ್ದೆವು. ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ ಇದು.

ಕೆಳಗಿನ ಡ್ರೈನ್ ಪ್ಲಗ್‌ಗೆ ಸ್ಪ್ಯಾನರ್ ಹಾಕುತ್ತಿದ್ದಂತೆ ಗೆಳೆಯನ ಅಪ್ಪ ತಡೆದರು: "ಮೊದ್ಲು ಮೇಲಿಂದು ಬಿಚ್ರೋ! ಅದು ಕಚ್ಕೊಂಡಿದ್ರೆ ಹೊಸ ಆಯಿಲ್ ಎಲ್ಲಿಂದ ಹಾಕ್ತೀರ?" ನಿಜವೇ. ಆಯಿಲ್ ಇಲ್ಲದ ಗಾಡಿಯನ್ನು ಗ್ಯಾರೇಜಿಗೂ ಓಡಿಸುವಂತಿಲ್ಲ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಆಯಿಲ್ ಬೆಚ್ಚಗಿದ್ದರೆ ಬೇಗ ಇಳಿಯುತ್ತದೆ. ನುಣ್ಣನೆ ಲೋಹದ ಪುಡಿ ಸಹಜ. ಚೂರು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಿ. ಕೆಳಗಿನ ಪ್ಲಗ್ ಬಿಗಿದು, ಮ್ಯಾನುಯಲ್ ಹೇಳಿದ ಆಯಿಲನ್ನೇ ಮೇಲಿನ ತೂತಿನ ಅಂಚು ಮುಟ್ಟುವವರೆಗೆ ತುಂಬಿ. ಹಳೇದನ್ನು ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ. ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಚೆಲ್ಲಬೇಡಿ.