ಗಾಣದ ಗೇರಿಗೆ ಹಚ್ಚುವ ಗ್ರೀಸು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟಕ್ಕೇರಿಸಿದ ಕಾಯಿ ಉಂಡೆ ಕೊಬ್ಬರಿಯಾಗಲು ಒಂದು ವರ್ಷದ ಹತ್ತಿರ ಹಿಡಿಯುತ್ತದೆ. ಒಳ್ಳೆಯ ಕೊಬ್ಬರಿ ತಿಪಟೂರಿನ ಎಪಿಎಂಸಿಗೆ ಹೋಗುತ್ತದೆ. ಒಡೆದದ್ದು, ಚೂರಾದದ್ದು ಎಣ್ಣೆಗೆ. ಎತ್ತಿನ ಗಾಣದ ಜಾಗಕ್ಕೆ ಈಗ ಮೋಟಾರಿನ ಸಣ್ಣ ಗಾಣ ಬಂದಿದೆ. ಎತ್ತಿನ ಗಾಣಕ್ಕೆ ಗೇರ್‌ಪೆಟ್ಟಿಗೆ ಇರಲಿಲ್ಲ, ಇದಕ್ಕಿದೆ. ಗೇರ್ ಸವೆಯದಿರಲು ಗ್ರೀಸ್ ಬೇಕೇ ಬೇಕು. ಮನೆಯಲ್ಲೇ ಯಂತ್ರ ಬಿಚ್ಚಿ ಕಟ್ಟುವವರ ಕೈಗೆ ಮೊದಲು ಸಿಗುವುದು ಟ್ರ್ಯಾಕ್ಟರಿಗೆ ತಂದ ಗ್ರೀಸ್ ಡಬ್ಬಿ, ಅದಿಲ್ಲದಿದ್ದರೆ ಬೈಕಿನಿಂದ ಇಳಿಸಿದ ಹಳೇ ಆಯಿಲ್. ನನ್ನ ಆತಂಕ ಇರುವುದು ಇಲ್ಲಿಯೇ.

ಗ್ರೀಸ್ ಎಂದರೆ ಲಿಥಿಯಂ ಅಥವಾ ಕ್ಯಾಲ್ಸಿಯಂ ಸಾಬೂನು ಹಿಡಿದಿಟ್ಟುಕೊಂಡ ಎಣ್ಣೆ. ಅದರ ತೂಕದಲ್ಲಿ ಬಹುಪಾಲು, ಸುಮಾರು ಶೇ 80ರಷ್ಟು, ಕಚ್ಚಾ ತೈಲದಿಂದ ಬಂದ ಖನಿಜ ತೈಲ. ಗೇರ್ ಅರೆದಂತೆ, ಬಿಸಿಯೇರಿದಂತೆ ಸಾಬೂನಿನ ಹಿಡಿತ ಸಡಿಲಗೊಂಡು ಎಣ್ಣೆ ಬಸಿಯುತ್ತದೆ. ಗೇರ್‌ಪೆಟ್ಟಿಗೆಯಿಂದ ಹೊರಟ ಶಾಫ್ಟ್ ಕೊಬ್ಬರಿ ಅರೆಯುವ ಕಡೆಗೇ ಬರುತ್ತದೆ. ನಡುವೆ ಇರುವುದು ಒಂದು ರಬ್ಬರ್ ಆಯಿಲ್ ಸೀಲ್. ಅದು ಸವೆದರೆ ಬಸಿದದ್ದು ಕೊಬ್ಬರಿಗೆ ತಾಗುತ್ತದೆ. ಗೇರ್ ಮೇಲ್ಗಡೆ ಇರುವ ಯಂತ್ರಗಳಲ್ಲಂತೂ ಹನಿ ನೇರವಾಗಿ ಕೆಳಗಿಳಿಯುತ್ತದೆ.

ನೀರು ಬಿದ್ದಿದ್ದರೆ ತಳದಲ್ಲಿ ನಿಲ್ಲುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಖನಿಜ ತೈಲ ಕೊಬ್ಬರಿ ಎಣ್ಣೆಯಲ್ಲಿ ಪೂರ್ತಿ ಕರಗುತ್ತದೆ. ಪದರ ಕಟ್ಟುವುದಿಲ್ಲ, ಅಲ್ಪ ಪ್ರಮಾಣದಲ್ಲಿ ವಾಸನೆಯೂ ಇಲ್ಲ. ಬಟ್ಟೆಯಲ್ಲಿ ಸೋಸಿದರೂ, ಎರಡು ದಿನ ತಿಳಿಯಾಗಲು ಬಿಟ್ಟರೂ ಹೋಗದು. ದೊಡ್ಡ ಸಂಸ್ಕರಣಾ ಘಟಕಗಳಲ್ಲಿ ಎಣ್ಣೆಯ ವಾಸನೆ ತೆಗೆಯುವ ಹಂತದಲ್ಲಿ ಖನಿಜ ತೈಲದ ಹಗುರ ಭಾಗ ಒಂದಿಷ್ಟು ಹಾರಿಹೋಗುತ್ತದೆ. ಗಾಣದ ಎಣ್ಣೆಗೆ ಆ ಹಂತವೇ ಇಲ್ಲ. ಅದರ ಹೆಚ್ಚುಗಾರಿಕೆ ಎಂದು ನಾವು ನಂಬಿರುವುದೇ ಇಲ್ಲಿ ಅದರ ದೌರ್ಬಲ್ಯ.

ಲೆಕ್ಕ ಹಾಕಿ ನೋಡೋಣ. ನೂರು ಲೀಟರ್ ಕೊಬ್ಬರಿ ಎಣ್ಣೆಯ ತೂಕ ಸುಮಾರು 92 ಕಿಲೋ. ಅದಕ್ಕೆ ಒಂದೇ ಒಂದು ಗ್ರಾಂ ಗ್ರೀಸ್ ಸೇರಿದರೆ 800 ಮಿಲಿಗ್ರಾಂ ಖನಿಜ ತೈಲ ಬೆರೆತಂತಾಯಿತು. ಎಂದರೆ ಕಿಲೋಗೆ 8.7 ಮಿಲಿಗ್ರಾಂ. ಕೈಗಾರಿಕಾ ದರ್ಜೆಯ ಖನಿಜ ತೈಲದಲ್ಲಿ ಆರೊಮ್ಯಾಟಿಕ್, ಅಂದರೆ ಬೆಂಜೀನ್ ಉಂಗುರ ಇರುವ, ಅಣುಗಳ ಪಾಲು ಶೇ 15ರಿಂದ 35. ಕಾಲು ಭಾಗ ಎಂದು ಹಿಡಿದರೂ ಕಿಲೋಗೆ 2 ಮಿಲಿಗ್ರಾಂ ದಾಟುತ್ತದೆ. ಖಾದ್ಯ ತೈಲದಲ್ಲಿ ಈ ಅಣುಗಳು ಕಿಲೋಗೆ 2 ಮಿಲಿಗ್ರಾಂ ಮೀರಿದರೆ ಮಾರುಕಟ್ಟೆಯಿಂದ ವಾಪಸು ತೆಗೆಯಬೇಕೆಂದು ಐರೋಪ್ಯ ಒಕ್ಕೂಟದ ದೇಶಗಳು 2022ರಲ್ಲಿ ಒಪ್ಪಿಕೊಂಡಿವೆ. ಬೆರಳ ತುದಿಯ ಗ್ರೀಸ್ ಸಾಕು, ಮಿತಿ ಮುಟ್ಟಲು.

ಇಷ್ಟು ಬಿಗಿಯಾದ ಮಿತಿ ಏಕೆ? ಖನಿಜ ತೈಲದಲ್ಲಿ ಎರಡು ಜಾತಿಯ ಅಣುಗಳಿವೆ. ಬೆಂಜೀನ್ ಉಂಗುರವಿಲ್ಲದ ಸ್ಯಾಚುರೇಟೆಡ್ ಬಗೆಯವು ಯಕೃತ್ತಿನಲ್ಲಿ, ಕೊಬ್ಬಿನಲ್ಲಿ ಸಂಗ್ರಹವಾಗುತ್ತವೆ. ಆದರೆ ಈಗಿನ ಆಹಾರದ ಪ್ರಮಾಣದಲ್ಲಿ ಅವು ಆರೋಗ್ಯಕ್ಕೆ ಕಳವಳದ ವಿಷಯವಲ್ಲ ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಹೇಳಿತು. ಇದನ್ನು ಮುಚ್ಚಿಟ್ಟು ಹೆದರಿಸುವುದು ಸರಿಯಲ್ಲ. ಅದೇ ವರದಿಯ ಆತಂಕ ಮೂರು ಅಥವಾ ಹೆಚ್ಚು ಉಂಗುರಗಳು ಬೆಸೆದುಕೊಂಡ ಆರೊಮ್ಯಾಟಿಕ್ ಅಣುಗಳ ಬಗ್ಗೆ. ಇವುಗಳಲ್ಲಿ ಕೆಲವು ಡಿಎನ್‌ಎಗೇ ಹಾನಿ ಮಾಡಬಲ್ಲವು. ಅಂಥ ವಸ್ತುವಿಗೆ ಇಷ್ಟರವರೆಗೆ ಸುರಕ್ಷಿತ ಎಂಬ ಗೆರೆ ಎಳೆಯಲು ಬರುವುದಿಲ್ಲ.

ಹಳೇ ಆಯಿಲ್ ಇನ್ನೂ ಕೆಟ್ಟದ್ದು. ಎಂಜಿನ್ನಿನಲ್ಲಿ ಸುಡುವಾಗ ಹುಟ್ಟುವ ಬಹು ಉಂಗುರದ ಅಣುಗಳು, ಸವೆದ ಲೋಹದ ಪುಡಿ, ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ. ಸಂಸ್ಕರಿಸದ ಖನಿಜ ತೈಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿಟ್ಟಿದೆ. ಯಂತ್ರದ ಎಣ್ಣೆಗಳಲ್ಲಿ ಬೆರೆಸುವ ರಾಸಾಯನಿಕಗಳದ್ದು ಬೇರೆಯದೇ ಕಥೆ. 1988ರಲ್ಲಿ ಕೋಲ್ಕತ್ತದ ಬೆಹಾಲದಲ್ಲಿ ಅಂಥದ್ದೇ ರಾಸಾಯನಿಕವಾದ ಟ್ರೈಕ್ರೆಸಿಲ್ ಫಾಸ್ಫೇಟ್ ಬೆರೆತ ಅಡುಗೆ ಎಣ್ಣೆ ತಿಂದು ನೂರಾರು ಜನರ ಕೈಕಾಲು ಸೋತವು. ಗಾಣದ ಸೋರಿಕೆಯಲ್ಲಿ ಆ ಪ್ರಮಾಣ ಇರುವುದಿಲ್ಲ. ಇಲ್ಲಿನ ಹಾನಿ ಹಾಗೆ ವಾರದಲ್ಲಿ ಬಯಲಾಗದು. ಒಂದೇ ಗಾಣದ ಎಣ್ಣೆ ಒಂದೇ ಮನೆಯ ತಲೆಗೂ ಬಾಣಲೆಗೂ ವರ್ಷಗಟ್ಟಲೆ ಹೋದಾಗ ಅದು ಬೆಳೆಯುತ್ತದೆ. ಆಸ್ಪತ್ರೆಯಲ್ಲಿ ಯಾರೂ ಅದನ್ನು ಗ್ರೀಸಿನ ಜೊತೆ ಜೋಡಿಸಲಾರರು.

ತಡೆಯುವುದು ಕಷ್ಟವಲ್ಲ. ಆಹಾರ ಯಂತ್ರಗಳಿಗೆಂದೇ ಶುದ್ಧೀಕರಿಸಿದ ಗ್ರೀಸ್ ಇದೆ. ಡಬ್ಬಿಯ ಮೇಲೆ ‘ಎನ್‌ಎಸ್‌ಎಫ್ ಎಚ್1’ ಗುರುತಿರುತ್ತದೆ. ಮಾಮೂಲಿ ಗ್ರೀಸಿಗಿಂತ ದುಬಾರಿ, ಆದರೆ ಸಣ್ಣ ಗಾಣಕ್ಕೆ ಒಂದು ಡಬ್ಬಿ ಬಹಳ ದಿನ ಬರುತ್ತದೆ. ಅದಕ್ಕೆ ಬೇರೆಯೇ ಗ್ರೀಸ್ ಗನ್ ಇರಲಿ. ಹೆಚ್ಚಾಗಿ ತುಂಬಬೇಡಿ, ತುಂಬಿದಷ್ಟೂ ಒತ್ತಡಕ್ಕೆ ಸೀಲ್ ದಾಟಿ ಹೊರಬರುತ್ತದೆ. ಸೀಲಿನ ಅಂಚಿನಲ್ಲಿ ಜಿಡ್ಡು ಕಂಡ ದಿನವೇ ಸೀಲ್ ಬದಲಿಸಿ. ಗ್ರೀಸ್ ಹಾಕಿದ ಮೇಲೆ ಹೊರಗೆ ಮೆತ್ತಿದ್ದನ್ನೆಲ್ಲ ಒರೆಸಿ, ಮೊದಲು ಬಂದ ಎಣ್ಣೆಯನ್ನು ಅಡುಗೆಗೂ ತಲೆಗೂ ಬಳಸಬೇಡಿ.

ಗಾಣ ಮಾರುವವರು ಯಂತ್ರದ ಜೊತೆಗೇ ಈ ಗ್ರೀಸ್ ಡಬ್ಬಿ ಕೊಡಬೇಕು. ಅಲ್ಲಿಯವರೆಗೆ, ಕೊಬ್ಬರಿ ಹೊತ್ತು ಎಣ್ಣೆ ಆಡಿಸಲು ಹೋಗುವ ನೀವೇ ಕೇಳಿ: ಗೇರಿಗೆ ಯಾವ ಗ್ರೀಸ್ ಹಾಕಿದ್ದೀರಿ, ಡಬ್ಬಿ ತೋರಿಸಿ ಎಂದು.